ಹದಿನೆಂಟು ಚೀಲದ ಲೆಕ್ಕ

ನಮ್ಮ ಫಿಜಿಕ್ಸ್ ಸರ್ ನಿವೃತ್ತರಾದ ದಿನದ ವಿಡಿಯೋ ನನ್ನ ಫೋನಿಗೆ ಬಂದಾಗ ನಾನು ಮಾನ್ವಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದೆ. ನಾನು ಓದಿದ ದೇವದುರ್ಗದ ಕಾಲೇಜಿನ ಹಾಲ್, ಅದೇ ಗೋಡೆ ಫ್ಯಾನುಗಳು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಆಯಿತು. ಮೈಕು ಹಿಡಿದವರೊಬ್ಬರು ಸರ್ ಅವರನ್ನು ‘ಅಜಾತಶತ್ರು’ ಎಂದರು. ನನಗೆ ನಗು ತಡೆಯಲಾಗಲಿಲ್ಲ. ರಾಯಚೂರು–ದೇವದುರ್ಗ ರೂಟಿನಲ್ಲಿ ಸ್ಟೇರಿಂಗ್ ಹಿಡಿದ ಅರ್ಧ ಮಂದಿಯ ಜೊತೆ ಜಗಳವಾಡಿದ ಮನುಷ್ಯ ಅಜಾತಶತ್ರು ಹೇಗಾದಾರು? ಇನ್ನೊಬ್ಬರು ‘ಮಿತಭಾಷಿ’ ಎಂದರು. ಪೀರಿಯಡ್ಡು ಮುಗಿದ ಗಂಟೆ ಹೊಡೆದ ಮೇಲೂ ಕಾಲು ಗಂಟೆ ಮಾತಾಡುವವರನ್ನು ಮಿತಭಾಷಿ ಎನ್ನುವುದಾದರೆ ಅನ್ನಲಿ ಬಿಡಿ. ಪರೀಕ್ಷೆಯ ಡ್ಯೂಟಿ ಬಿದ್ದದ್ದರಿಂದ ನಾನು ಹೋಗಿರಲಿಲ್ಲ. ಹೋಗಿದ್ದರೆ ಏನು ಹೇಳುತ್ತಿದ್ದೆನೋ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ, ಬರೆದರೆ ಫೋನು ಮಾಡಿ ಬೈಯುತ್ತಾರೆ.

ಸರ್ ಯಾಪಲದಿನ್ನಿಯವರು, ಕುರಿ ಕಾಯುವ ಮನೆತನ. ಎತ್ತರದ ಆಳು, ಮೈಮೇಲೆ ಒಂದು ಹಿಡಿ ಮಾಂಸವಿಲ್ಲ. ಅಂಗಿಯ ಜೇಬಿನಲ್ಲಿ ಸೀಮೆಸುಣ್ಣ, ಪ್ಯಾಂಟಿನ ಜೇಬಿನಲ್ಲಿ ಒಂದು ಉಣ್ಣೆಯ ಹಗ್ಗ. ಅವರ ಅಪ್ಪ ಕೈಯಾರೆ ಹೊಸೆದ ಹಗ್ಗವಂತೆ ಅದು. ಸರ್ ಅದಕ್ಕೆ ಮೀಟರಿಗೊಂದು ಗಂಟು ಹಾಕಿಟ್ಟಿದ್ದರು. ಉಣ್ಣೆಯ ಹಗ್ಗ ಜಗ್ಗಿದರೆ ಉದ್ದವಾಗುತ್ತದೆ, ಅಳತೆಗೆ ಅದು ಸರಿಯಲ್ಲ ಎಂದು ಒಮ್ಮೆ ನಾನು ಜಾಣತನ ತೋರಿಸಿದೆ. “ಜಗ್ಗಬ್ಯಾಡ ಹಂಗಾರ” ಅಂದರು.

ಅವರ ಮನೆ ಇದ್ದದ್ದು ರಾಯಚೂರಿನಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ದೇವದುರ್ಗಕ್ಕೆ ಬರುವರು, ಸಂಜೆ ಹಿಂದಿರುಗುವರು. ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಡ್ರೈವರನ ಹಿಂದಿನ ಕಂಬ ಹಿಡಿದು ನಿಂತು, ಕಿಲೋಮೀಟರ್ ಕಲ್ಲುಗಳನ್ನೂ ಕೈಗಡಿಯಾರವನ್ನೂ ನೋಡುತ್ತಾ ಬಸ್ಸಿನ ವೇಗ ಹೇಳುತ್ತಿದ್ದರು. “ಡ್ರೈವರ್ ಸಾಹೇಬ್ರ, ಅರವತ್ತೆಂಟು ಆತ್ರೀ” ಎಂದರೆ ಡ್ರೈವರು “ನೀವ ಬಂದು ಹೊಡೀರಿ ಸರ” ಎನ್ನುವನು. ಸರ್‌ಗೆ ಸೈಕಲ್ಲೂ ಬರುವುದಿಲ್ಲವೆಂದು ಆ ರೂಟಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ರಸ್ತೆಯ ಮೇಲೆ ಟೈರು ಉಜ್ಜಿದ ಕರಿ ಗೆರೆ ಕಂಡರೆ ಮುಗಿಯಿತು, ಅಲ್ಲೇ ಬಸ್ಸು ನಿಲ್ಲಿಸಿ ಇಳಿದುಬಿಡುವರು. ಹಗ್ಗ ಹಾಸಿ ಗೆರೆಯನ್ನು ಅಳೆದು, ಟಿಕೆಟಿನ ಹಿಂದೆ ಬರೆದುಕೊಂಡು ಮುಂದಿನ ಬಸ್ಸಿಗೆ ಬರುವರು. ಸರ್ ಮೊದಲ ಪೀರಿಯಡ್ಡಿಗೆ ತಡವಾಗಿ ಬಂದರೆ ಎಲ್ಲೋ ಎರಡು ಗಾಡಿ ಗುದ್ದಿವೆ ಎಂದು ನಾವು ಅಂದುಕೊಳ್ಳುತ್ತಿದ್ದೆವು. ಈ ಹುಚ್ಚು ಯಾಕೆಂದು ಒಬ್ಬ ಹುಡುಗ ಕೇಳಿಯೇಬಿಟ್ಟ. ಸರ್ ಸಿಟ್ಟಾಗಲಿಲ್ಲ. “ಗಾಡಿ ಗುದ್ದಿದ ಕೂಡ್ಲೆ ಮಂದಿ ಕೂಡತಾರ. ಮೊದಲು ಡ್ರೈವರನ ಊರು ಕೇಳತಾರ, ಆಮ್ಯಾಲ ಜಾತಿ ಕೇಳತಾರ. ವೇಗ ಎಷ್ಟಿತ್ತಪಾ ಅಂತ ಯಾರೂ ಕೇಳಂಗಿಲ್ಲ. ಒಬ್ಬರನ ಕೇಳಬೇಕಲ್ಲಪಾ” ಅಂದರು.

ಡಿಕ್ಕಿಯ ಪಾಠಕ್ಕೆ ಕಾಲೇಜಿನಲ್ಲಿ ಉಪಕರಣಗಳಿರಲಿಲ್ಲ. ಗಾಲಿ ಇರುವ ಕುರ್ಚಿಗಳು ಎರಡೇ, ಒಂದು ಪ್ರಿನ್ಸಿಪಾಲರದು, ಇನ್ನೊಂದು ಕಂಪ್ಯೂಟರ್ ರೂಮಿನದು. ಸರ್ ಎರಡನ್ನೂ ವರಾಂಡಕ್ಕೆ ತಂದರು. ಒಂದರಲ್ಲಿ ನಮ್ಮ ಕ್ಲಾಸಿನ ಗಟ್ಟಿಮುಟ್ಟಾದ ಹುಡುಗಿಯೊಬ್ಬಳನ್ನು ಸುಮ್ಮನೆ ಕೂರಿಸಿದರು. ಇನ್ನೊಂದರಲ್ಲಿ ನಾನು, ಹುಡುಗಿಯರಲ್ಲೆಲ್ಲ ಸಣಕಲಿ. “ಗುದ್ದಿದ ಕೂಡ್ಲೆ ಆಕಿ ಕೈ ಹಿಡಕೋ, ಬಿಡಬ್ಯಾಡ” ಎಂದು ಹೇಳಿ ನನ್ನನ್ನು ಜೋರಾಗಿ ನೂಕಿದರು. ಹೋಗಿ ಗುದ್ದಿದೆ, ಕೈ ಹಿಡಿದೆ, ಇಬ್ಬರೂ ಸೇರಿ ನಿಧಾನಕ್ಕೆ ಉರುಳಿಕೊಂಡು ಹೋದೆವು. ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದು ನನ್ನ ಕುರ್ಚಿ ಎಲ್ಲಿ ಎಂದು ಕೇಳಿದರು. “ಇಲ್ಲೇ ಅದ ಸರ, ಬರಾಕತ್ತದ. ಭಾರ ಜಾಸ್ತಿ ಆತು ನೋಡ್ರಿ, ವೇಗ ಕಮ್ಮಿ ಆಗ್ಯದ” ಎಂದರು ನಮ್ಮ ಸರ್.

ಪುಸ್ತಕದಲ್ಲಿ ‘ಸಂವೇಗ ಸಂರಕ್ಷಣೆ’ ಎಂದಿದ್ದರೆ ಅವರ ಬಾಯಲ್ಲಿ ಅದು ಕುರಿ ಹಿಂಡಿನ ಕತೆ. “ಹಿಂಡಿನಾಗ ಕುರಿ ಕುರಿ ಗುದ್ಯಾಡತಾವ. ಇದು ಅದನ್ನ ಅತ್ಲಾಗ ನೂಕಿದ್ರ ಅದು ಇದನ್ನ ಇತ್ಲಾಗ ನೂಕತದ. ಅದೆಲ್ಲಾ ಅವರವರ ಮನಿ ಜಗಳ. ಹೊರಗಿಂದ ಯಾರೂ ಬಡೀದಿದ್ರ ಹಿಂಡು ಹೊಂಟ ದಿಕ್ಕು ಬದಲಾಗಂಗಿಲ್ಲ. ಎರಡು ಗಾಡಿ ಗುದ್ದಿದ್ರೂ ಹಂಗ. ತೂಕ ಗುಣಿಸು ವೇಗ, ಅದ ಮೊಮೆಂಟಮ್. ಗುದ್ದೂಕಿಂತ ಮೊದಲು ಎರಡರದೂ ಕೂಡಿ ಎಷ್ಟಿತ್ತು, ಗುದ್ದಿದ ಮ್ಯಾಲೂ ಅಷ್ಟ.” ನಾನು ಈಗ ಎಂಟನೇ, ಒಂಬತ್ತನೇ ತರಗತಿಗೆ ವಿಜ್ಞಾನ ಹೇಳುತ್ತೇನೆ. ಇದಕ್ಕಿಂತ ಒಳ್ಳೆಯ ಮಾತು ನನಗೆ ಇದುವರೆಗೆ ಸಿಕ್ಕಿಲ್ಲ, ಅದಕ್ಕೇ ನಾಚಿಕೆಯಿಲ್ಲದೆ ಅದನ್ನೇ ಹೇಳುತ್ತೇನೆ.

ಗುಣಗಾನ ಇಷ್ಟು ಸಾಕು. ಸರ್ ಮಾಡಿದ ಒಂದು ದೊಡ್ಡ ತಪ್ಪಿನ ಬಗ್ಗೆ ಹೇಳಬೇಕು. ಬೀಳ್ಕೊಡುಗೆಯಲ್ಲಿ ಅದನ್ನು ಯಾರೂ ಹೇಳಲಿಲ್ಲ, ಅಲ್ಲಿದ್ದವರಿಗೆ ಬಹುಶಃ ಗೊತ್ತೂ ಇರಲಿಲ್ಲ.

ನಾನಾಗ ಪಿಯುಸಿ ಮೊದಲ ವರ್ಷ. ಭತ್ತದ ಕೊಯ್ಲು ನಡೆದಿತ್ತು. ಅಂದು ಸರ್ ಕ್ಲಾಸಿಗೆ ಬಂದವರೇ, ಹಾಜರಿಯನ್ನೂ ಹಾಕದೆ ಬೋರ್ಡಿಗೆ ತಿರುಗಿದರು. ರಾಯಚೂರಿನಿಂದ ದೇವದುರ್ಗಕ್ಕೆ ಬರುವ ಒಂದು ಕಾರು, ಜನ ಸಮೇತ ಸಾವಿರದ ಐನೂರು ಕಿಲೋ. ಅಡ್ಡದಾರಿಯಿಂದ ನೇರವಾಗಿ ಮೇನ್ ರೋಡಿಗೆ ಬಂದ ಒಂದು ಸಣ್ಣ ಗೂಡ್ಸ್ ಗಾಡಿ, ಖಾಲಿ, ಡ್ರೈವರ್ ಸಮೇತ ಒಂಬೈನೂರು ಕಿಲೋ. ಎರಡೂ ಗುದ್ದಿ, ಒಂದಕ್ಕೊಂದು ಸಿಕ್ಕಿಕೊಂಡು, ಹನ್ನೆರಡು ಮೀಟರ್ ಓರೆಯಾಗಿ ಜಾರಿ ನಿಂತಿವೆ. ಕಾರು ಹೊರಟ ದಿಕ್ಕಿಗೆ ನಾಲ್ಕು ಹೆಜ್ಜೆಯಾದರೆ ಗೂಡ್ಸ್ ಗಾಡಿಯ ದಿಕ್ಕಿಗೆ ಮೂರು. ಯಾರ ವೇಗ ಎಷ್ಟು?

ಎರಡನೇ ಸಾಲಿಗೇ ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದ್ದೆ. ಆ ಗೂಡ್ಸ್ ಗಾಡಿಯ ಡ್ರೈವರು ನನ್ನ ಅಪ್ಪ. ಮೂರು ದಿನದ ಹಿಂದೆ ಆದದ್ದು. ಅಪ್ಪನ ಬಲಗೈ ಮುರಿದಿತ್ತು, ಕಾರು ಓಡಿಸುತ್ತಿದ್ದವರ ಕಾಲು ಮುರಿದಿತ್ತು. ಅಡ್ಡಾದಿಡ್ಡಿ ಓಡಿಸಿ ಇನ್ನೊಬ್ಬರ ಕಾಲು ಮುರಿದದ್ದಕ್ಕೆ ಅಪ್ಪನ ಮೇಲೆ ಕೇಸಾಗಿತ್ತು. ಜೈಲು ಆಗಬಹುದು, ಲೈಸೆನ್ಸು ಹೋಗಬಹುದು ಎಂದು ಮನೆಗೆ ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ಗಾಡಿ ನಿಂತರೆ ನಾನು ಕಾಲೇಜು ಬಿಡಬೇಕಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ, ನನಗೇ ಗೊತ್ತಾಗಿತ್ತು. ಗೆಳತಿಯರಿಗೆ ಮಾತ್ರ ಅಪ್ಪ ಬಿದ್ದು ಕೈ ಮುರಿದುಕೊಂಡಿದ್ದಾನೆ ಎಂದಷ್ಟೇ ಹೇಳಿದ್ದೆ.

ಸರ್ ಲೆಕ್ಕ ಮುಗಿಸಿದರು. ಕಾರಿನ ವೇಗ ಗಂಟೆಗೆ ಐವತ್ತೈದು ಕಿಲೋಮೀಟರ್. ಗೂಡ್ಸ್ ಗಾಡಿಯದು ಅರವತ್ತೊಂಬತ್ತು.

“ಅಡ್ಡದಾರ್ಯಾಗ, ತೆಗ್ಗಿನಾಗ, ಹತ್ತಿರ ಹತ್ತಿರ ಎಪ್ಪತ್ತರಾಗ ಬಂದಾನ ಮಹಾರಾಯ. ಇವನಿಗೆ ಲೈಸೆನ್ಸ್ ಕೊಟ್ಟವರನ್ನ ಹುಡುಕಿ ಕೈ ಮುಗೀಬೇಕು.”

ಕ್ಲಾಸು ಗೊಳ್ಳೆಂದು ನಕ್ಕಿತು. ಹಿಂದಿನಿಂದ ಒಬ್ಬ “ಕುಡಿದಿರಬೇಕ್ರೀ ಸರ” ಅಂದ. ಯಾವಾಗ ಎದ್ದು ನಿಂತೆನೋ ನನಗೇ ತಿಳಿಯದು.

“ಸರ್, ಅದು ನಮ್ಮಪ್ಪನ ಗಾಡಿರೀ. ನಮ್ಮಪ್ಪ ಕುಡಿಯಂಗಿಲ್ಲ.” ಅಲ್ಲಿಗೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. “ಗಾಡಿ ಖಾಲಿ ಇರಲಿಲ್ರೀ.”

ಅದನ್ನು ಹೇಳಬಾರದೆಂದು ಮನೆಯಲ್ಲಿ ಕಟ್ಟುನಿಟ್ಟಾಗಿತ್ತು. ನಡೆದದ್ದು ಇಷ್ಟು. ಗುದ್ದಿದ ಸದ್ದಿಗೆ ಕ್ರಾಸಿನ ಜನ ಓಡಿ ಬಂದರು. ಗಾಯವಾದವರನ್ನು ದವಾಖಾನೆಗೆ ಕಳಿಸಿದರು. ಆಮೇಲೆ ಅಪ್ಪನ ಗಾಡಿಯಲ್ಲಿದ್ದ ಭತ್ತದ ಚೀಲಗಳನ್ನು ಒಂದು ಟ್ರ್ಯಾಕ್ಟರಿಗೆ ಹೇರಿ, ಸೇರಬೇಕಾದ ಮಿಲ್ಲಿಗೆ ಸೇರಿಸಿಬಿಟ್ಟರು. ನಮ್ಮ ಕಡೆ ಹಾಗೇ ಮಾಡುತ್ತಾರೆ, ಗಾಡಿ ಬಿದ್ದರೂ ಇನ್ನೊಬ್ಬರ ಮಾಲು ಬೀಳಬಾರದು ಎಂದು. ಜೊತೆಗೆ ಇನ್ನೊಂದು ಕನಿಕರ. ಗಾಡಿ ತಡೆಯುವುದಕ್ಕಿಂತ ಎರಡು ಪಟ್ಟು ಭಾರ ಅದರ ಮೇಲಿತ್ತು. ಮುರಿದ ಕೈಯ ಬಡವನ ಮೇಲೆ ಓವರ್‌ಲೋಡ್ ಕೇಸು ಬೇರೆ ಯಾಕೆ ಎಂದು, ಪೊಲೀಸರು ಬಂದಾಗ ಎಲ್ಲರೂ ಒಂದೇ ಬಾಯಲ್ಲಿ ‘ಖಾಲಿ ಗಾಡಿ’ ಎಂದರು. ಅಪ್ಪನೂ ದವಾಖಾನೆಯಲ್ಲಿ ಅದನ್ನೇ ಹೇಳಿದ. ಮರುದಿನ ಹಗ್ಗ ಹಿಡಿದು ಹೋದ ಸರ್‌ಗೂ ಕ್ರಾಸಿನವರು ಅದನ್ನೇ ಹೇಳಿದ್ದರು.

“ಏನಿತ್ತವ್ವಾ ಗಾಡ್ಯಾಗ?” ಸರ್ ದನಿ ಇಳಿದಿತ್ತು.

“ಭತ್ತರೀ. ಹದಿನೆಂಟು ಚೀಲ.”

ಸರ್ ಸೀಮೆಸುಣ್ಣ ಕೆಳಗಿಟ್ಟು, ಬೋರ್ಡಿನ ಕೆಳಗಿನ ಕಟ್ಟೆಯ ಮೇಲೆ ಕೂತುಬಿಟ್ಟರು. “ಭತ್ತ ತುಳಕೊಂತ ಅಳತಿ ಮಾಡೀನಲ್ಲವ್ವಾ. ಕಾಲಾಗ ಚುಚ್ಚಾಕತ್ತಿತ್ತು. ಯಾರೋ ಒಣಗಾಕ ಹಾಕ್ಯಾರ ಅನಕೊಂಡೆ.” ಅವರನ್ನು ಬೈಯುವಂತಿಲ್ಲ. ಸುಗ್ಗಿ ಬಂತೆಂದರೆ ನಮ್ಮಲ್ಲಿ ಅರ್ಧ ಟಾರು ರಸ್ತೆ ಭತ್ತದ ಕಣವೇ. ರಸ್ತೆಯಲ್ಲಿ ಭತ್ತ ಕಂಡು ಇದು ಎಲ್ಲಿಂದ ಬಂತು ಎಂದು ಕೇಳುವವನು ಬೇರೆ ಸೀಮೆಯವನೇ ಆಗಿರಬೇಕು.

ಸ್ವಲ್ಪ ಹೊತ್ತಿಗೆ ಸರ್ ಎದ್ದರು. ಬೋರ್ಡು ಒರೆಸಲಿಲ್ಲ. ಲೆಕ್ಕದ ನೆತ್ತಿಯ ಮೇಲೆ ‘ತಪ್ಪು’ ಎಂದು ಬರೆದು ಕೆಳಗೆ ತಮ್ಮ ಸಹಿ ಹಾಕಿದರು. ನನ್ನ ಬೆಂಚಿನ ಹತ್ತಿರ ಬಂದು, “ತಪ್ಪಾತವ್ವಾ. ತೂಕ ಕೇಳದ ವೇಗ ಹೇಳಿದೆ” ಅಂದರು. ಅಷ್ಟು ವಯಸ್ಸಾದ ಮನುಷ್ಯ ಹದಿನಾರರ ಹುಡುಗಿಗೆ ಹಾಗೆ ಹೇಳುವುದನ್ನು ನಾನು ಅದುವರೆಗೆ ಎಲ್ಲೂ ಕಂಡಿರಲಿಲ್ಲ. ಅಳು ಬಂತು, ಅತ್ತೆ.

ಆ ಭಾನುವಾರ ಬೆಳಿಗ್ಗೆ ಸರ್ ನಮ್ಮ ಮನೆಗೆ ಬಂದರು. ಲೆಕ್ಚರರು ಮನೆಗೆ ಬಂದರೆಂದು ಅವ್ವ ಗಾಬರಿಯಾಗಿ ಪಕ್ಕದ ಮನೆಯಿಂದ ಕುರ್ಚಿ ತಂದಳು. ಸರ್ ಚಾಪೆಯ ಮೇಲೆ ಅಪ್ಪನ ಎದುರಿಗೇ ಕೂತು ಹಾಳೆ ಬಿಚ್ಚಿದರು.

“ನೋಡ್ರಿ, ಗಾಡಿ ಖಾಲಿ ಅಂದ್ರ ನಿಮ್ಮ ವೇಗ ಅರವತ್ತೊಂಬತ್ತು, ಕಾರಿಂದು ಐವತ್ತೈದು. ಕಾರಿನವರೂ ಪೊಲೀಸರ ಮುಂದ ಐವತ್ತು ಐವತ್ತೈದರ ಮ್ಯಾಲ ಇದ್ದಿಲ್ಲ ಅಂತ ಹೇಳ್ಯಾರ. ಬರೋಬ್ಬರಿ ಕೂಡತದ. ಈಗ ಎಪ್ಪತ್ತೈದು ಕಿಲೋದ ಹದಿನೆಂಟು ಚೀಲ ಹಾಕಿ ನೋಡ್ರಿ. ನಿಮ್ಮದು ನಲವತ್ಮೂರಕ್ಕ ಇಳೀತದ, ಕಾರಿಂದು ಎಂಬತ್ತಾರಕ್ಕ ಏರತದ. ಗೆರಿ ಅವೇ, ಜಾಗ ಅದೇ. ಬದಲಾಗೂದು ಚೀಲ ಅಷ್ಟ.”

ಅಪ್ಪ ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಗಾಡಿಯ ವಿಷಯ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. “ಆ ದಾರ್ಯಾಗ ಖಾಲಿ ಗಾಡಿ ಎಪ್ಪತ್ತರಾಗ ಹೊಂಟ್ರ ಗಾಡಿ ಉಳೀತದೇನ್ರೀ? ತೆಗ್ಗಿನಾಗ ಹಾರಿ ಬೀಳತದ” ಎಂದು ಮುಖ ಅರಳಿಸಿದ. “ನಾ ನಿಂತು, ನೋಡಿ, ಫಸ್ಟ್ ಗೇರಿನಾಗ ಹೊಂಟಿದ್ದೆ ಅಂತ ಬರಸೀನ್ರೀ. ಅದೂ ಲೆಕ್ಕದಾಗ ಬರತದಲ್ರೀ?”

“ಬರಂಗಿಲ್ಲ.” ಸರ್ ತಡಮಾಡಲಿಲ್ಲ. “ಎಷ್ಟು ಚೀಲ ಹಾಕಿದ್ರೂ ಫಸ್ಟ್ ಗೇರ್ ಬರಂಗಿಲ್ಲ. ನೀವು ನಿಂತಿಲ್ಲ.”

ಅಪ್ಪನ ಮುಖ ಕೆಂಪಾಯಿತು. “ನೀವು ಯಾರ ಕಡ್ಯಾವ್ರು ಸರ? ಚೀಲ ಇದ್ವು ಅಂದ್ರ ಓವರ್‌ಲೋಡ್ ಕೇಸು. ನಿಂದ್ರಲಿಲ್ಲ ಅಂದ್ರ ಅದೊಂದು ಕೇಸು. ಎರಡೂ ನಾನ ಒಪ್ಪಿಕೊಂಡು, ನಾನ ಉರ್ಲಿಗೆ ಕೊಳ್ಳು ಕೊಡಬೇಕೇನು?”

“ನಾ ಯಾರ ಕಡೀನೂ ಅಲ್ರೀ. ಕ್ಲಾಸಿನಾಗ ನಿಮ್ಮ ಮಗಳ ಎದುರಿಗೆ ನಿಮ್ಮನ್ನ ನಗೆಪಾಟಲು ಮಾಡೀನಿ. ಅದನ್ನ ತಿದ್ದಾಕ ಬಂದೀನಿ. ತಿದ್ದೂದು ಅಂದ್ರ ಪೂರಾ ತಿದ್ದಬೇಕು, ಅರ್ಧಕ್ಕ ಬಿಟ್ಟು ಹೋಗಾಕ ಬರಂಗಿಲ್ಲ. ಚೀಲ ಮುಚ್ಚಿಟ್ರ ಕಾರಿನ ತಪ್ಪೂ ನಿಮ್ಮ ತಲಿ ಮ್ಯಾಲ. ಚೀಲ ಹೇಳಿದ್ರ ನಿಮ್ಮ ತಪ್ಪು ನಿಮಗ, ಅವರ ತಪ್ಪು ಅವರಿಗೆ. ಅಷ್ಟ ನನ್ನ ಕೈಯಾಗ ಆಗೂದು.”

ಚಹಾ ತಂದಿಟ್ಟ ಅವ್ವ ಅಲ್ಲೇ ಬಾಗಿಲಿಗೆ ಒರಗಿ ನಿಂತಳು. “ಆ ಏರಿನ ಮಾತು ಸರ್‌ಗ ಹೇಳ್ರಲ್ಲ” ಅಂದಳು.

ಅಪ್ಪ ತನ್ನ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಸರಿಮಾಡಿಕೊಂಡ. ಆಮೇಲೆ ಹೇಳಿದ. ಮೇನ್ ರೋಡು ಎತ್ತರವಾಗಿದೆ, ಅಡ್ಡದಾರಿ ಅದಕ್ಕೆ ಸೇರುವಲ್ಲಿ ಒಂದು ಏರು ಇದೆ. ಹತ್ತು ಚೀಲ ಹೇರಿದ ಗಾಡಿ ಏರಿನಲ್ಲಿ ನಿಂತು ಮತ್ತೆ ಹೊರಡುತ್ತದೆ. ಹದಿನೆಂಟು ಚೀಲದ ಗಾಡಿ ಅಲ್ಲಿ ನಿಂತರೆ ಏಳುವುದಿಲ್ಲ, ಹಿಂದಕ್ಕೆ ಜಾರುತ್ತದೆ. ಅದಕ್ಕೇ ಎಲ್ಲ ಡ್ರೈವರುಗಳೂ ಕೆಳಗಿನಿಂದಲೇ ಓಟ ಹಿಡಿದು, ಹಾರ್ನು ಹೊಡೆಯುತ್ತಾ ಒಂದೇ ಉಸಿರಿಗೆ ಏರಿಸುತ್ತಾರೆ. “ಹಾರ್ನ್ ಹೊಡದೀನ್ರೀ. ನಿಂದ್ರಾಕ ಬರತಿದ್ದಿಲ್ಲ” ಎಂದ. ಅಪ್ಪ ಅಳುವುದನ್ನು ನಾನು ನೋಡಬಾರದೆಂದೋ ಏನೋ, ನೀರು ತಾ ಎಂದು ನನ್ನನ್ನು ಒಳಗೆ ಕಳಿಸಿದ. ನಾನು ನೀರು ತರುವಷ್ಟರಲ್ಲಿ ಸರ್ ಹಾಳೆಯ ಅಂಚಿನಲ್ಲಿ ಆ ಏರಿನ ಚಿತ್ರ ಬರೆಯುತ್ತಿದ್ದರು. 

ಮರುದಿನ ಠಾಣೆಗೆ ಹೋದೆವು. ಅಪ್ಪ, ಸರ್, ನಾನು, ಮತ್ತು ಕ್ರಾಸಿನಲ್ಲಿ ಚಹಾದ ಅಂಗಡಿ ಇಟ್ಟಿದ್ದ ಒಬ್ಬ ಮುದುಕಿ. ಆಕೆಯನ್ನು ಸರ್ ಬರುವಾಗ ಬಸ್ಸಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಅಲ್ಲಿದ್ದ ಸಬ್ ಇನ್ಸ್‌ಪೆಕ್ಟರು ವಯಸ್ಸಿನಲ್ಲಿ ಚಿಕ್ಕವರು. ಸರ್ ಮೇಜಿನ ಮೇಲೆ ಹರಡಿದ ಹಾಳೆ ನೋಡಿ, “ಪಿಯುಸಿ ಒಳಗ ಈ ಫಿಜಿಕ್ಸ್ ಅಂದ್ರ ನನಗ ಚಳಿಜ್ವರ ಬರತಿತ್ರೀ ಸರ” ಎಂದು ನಕ್ಕರು. ಆಮೇಲೆ ನಗು ಬಿಟ್ಟು, “ಗುದ್ದೂವಾಗ ನೀವು ಅಲ್ಲಿದ್ರೇನ್ರೀ?” ಎಂದು ಕೇಳಿದರು.

“ಇದ್ದಿಲ್ರೀ. ಗಾಡಿ ಇದ್ವು. ಅವು ಎತ್ಲಾಗ ಹೋಗಿ ನಿಂತಾವ ಅಂತ ನಿಮ್ಮ ಪಂಚನಾಮಿಯೊಳಗೂ ಅದ.”

“ಟೈರಿಗೆ ಟಾರ್ ರೋಡಿನ ಹಿಡಿತ ಎಷ್ಟು ಅನ್ನೂದು ನಿಮಗ ಹೆಂಗ ಗೊತ್ತ್ರೀ?” ಜ್ವರ ಬರುತ್ತಿದ್ದವರಿಗೆ ಇಷ್ಟು ನೆನಪಿದ್ದದ್ದು ಸರ್‌ಗೆ ಬಹಳ ಖುಷಿ ಕೊಟ್ಟಿತು, ನನಗೆ ಕಾಣುತ್ತಿತ್ತು.

“ಅದು ಅಂದಾಜ್ರೀ, ಖರೇ ಹೇಳತೀನಿ. ಐದು ಕಿಲೋಮೀಟರ್ ಅತ್ಲಾಗ ಇತ್ಲಾಗ ಆಗಬಹುದು. ಆದ್ರ ಹದಿನೆಂಟು ಚೀಲ ಇದ್ವು ಅಂದ್ರ ಕಾರಿನ ವೇಗ ಇವರ ಎರಡರಷ್ಟು. ಅದಕ್ಕ ಟಾರಿನ ಹಿಡಿತ ಬೇಕಾಗಂಗಿಲ್ಲ. ತೂಕ ಮತ್ತ ದಿಕ್ಕು ಎರಡ ಸಾಕು.”

“ಚೀಲ ಇದ್ವು ಅನ್ನಾಕ ಏನದ ಸಾಕ್ಷಿ?”

ಮುದುಕಿ ಮುಂದೆ ಬಂದಳು. “ಖಾಲಿ ಅಂತ ಹೇಳಿದಾಕಿ ನಾನ ರೀ ಸಾಹೇಬ್ರ. ಕೈ ಮುರಕೊಂಡು ಬಿದ್ದಾನ ಪಾಪ, ಮತ್ತೊಂದು ಕೇಸು ಯಾಕ ಅಂತ ಎಲ್ಲಾರಿಗೂ ನಾನ ಹೇಳಿಕೊಟ್ಟೆ. ಪುಣ್ಯಾ ಮಾಡಾಕ ಹೋಗಿ ಇವನ ಕೊಳ್ಳಿಗಿ ಉರ್ಲು ಹಾಕಿದಂಗಾತು. ಚೀಲ ನಾನ ನಿಂತು ಎಣಿಸಿ ಹೇರಿಸೀನಿ. ಮಿಲ್ಲಿನಾಗ ತೂಕದ ಚೀಟಿ ಅದ, ತರಸಿ ನೋಡ್ರಿ.”

ಆಮೇಲೆ ಎಲ್ಲರೂ ಅಪ್ಪನ ಕಡೆ ನೋಡಿದರು. ಸರ್ ಮಾತ್ರ ನೋಡಲಿಲ್ಲ, ಹಾಳೆ ಮಡಚುತ್ತಿದ್ದರು. ಅಪ್ಪನ ಬಾಯಿ ಬಿಡಿಸಲು ಅವರು ಒಂದು ಮಾತೂ ಆಡಲಿಲ್ಲ. ಇದು ನನಗೆ ಈಗಲೂ ದೊಡ್ಡದಾಗಿ ಕಾಣುತ್ತದೆ.

“ಹದಿನೆಂಟು ಚೀಲ ಇದ್ವುರೀ” ಎಂದ ಅಪ್ಪ. ಉಸಿರು ಎಳೆದುಕೊಂಡು, “ಕ್ರಾಸಿನಾಗ ನಿಂದ್ರಲಿಲ್ರೀ. ನಿಂದ್ರಬೇಕಾಗಿತ್ತು” ಎಂದೂ ಹೇಳಿದ.

ಅಪ್ಪ ಪವಾಡದಂತೆ ಬಿಡುಗಡೆಯಾಗಿ ಹೂಮಾಲೆ ಹಾಕಿಸಿಕೊಳ್ಳಲಿಲ್ಲ. ಗಾಡಿಗಳನ್ನು ಪರೀಕ್ಷಿಸುವ ಅಧಿಕಾರಿ ಬಂದು ಮತ್ತೊಮ್ಮೆ ಜಾಗ ಅಳೆದರು. ಮಿಲ್ಲಿನ ಚೀಟಿ ಸಿಕ್ಕಿತು. ಕಾರಿನವರ ಮೇಲೂ ಕೇಸಾಯಿತು. ಕೊನೆಗೆ ಕೋರ್ಟು ಎರಡೂ ಕಡೆ ತಪ್ಪಿದೆ ಎಂದಿತು. ಅಪ್ಪನಿಗೆ ದಂಡ ಬಿತ್ತು, ಕೆಲವು ತಿಂಗಳು ಲೈಸೆನ್ಸು ಹೋಯಿತು, ಜೈಲು ತಪ್ಪಿತು. ಆ ತಿಂಗಳುಗಳಲ್ಲಿ ಅವ್ವ ಹತ್ತಿ ಬಿಡಿಸಲು ಹೋದಳು, ಅಪ್ಪ ಗ್ಯಾರೇಜಿನ ಕೆಲಸ ಮಾಡಿದ. ಕಷ್ಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಾನು ಕಾಲೇಜು ಬಿಡಲಿಲ್ಲ. ಕಾರಿನವರೂ ಕೆಟ್ಟವರಾಗಿರಲಿಲ್ಲ. ಕೋಲೂರಿಕೊಂಡು ಒಮ್ಮೆ ಮನೆಗೆ ಬಂದು, ಹಾರ್ನು ಕೇಳಿಸಿತ್ತು, ಬ್ರೇಕು ತಡವಾಗಿ ಹಿಡಿದೆ ಎಂದು ಹೇಳಿ ಹೋದರು. ಅಪ್ಪ ಅವರನ್ನು ರಸ್ತೆಯವರೆಗೆ ಕಳಿಸಿ ಬಂದ.

ಸರ್‌ನಲ್ಲಿ ಕೊರತೆಗಳೂ ಇದ್ದವು. ಮಾರ್ಕ್ಸ್ ಕೊಡುವುದರಲ್ಲಿ ಮಹಾ ಜಿಪುಣ, ಇಷ್ಟೆಲ್ಲ ಆದ ಮೇಲೂ ನನಗೆ ಅರ್ಧ ಮಾರ್ಕಿನ ದಯೆ ತೋರಲಿಲ್ಲ. ಕಾಲೇಜಿನ ಮೀಟಿಂಗುಗಳಲ್ಲಿ ನಿದ್ದೆ ಮಾಡುವರು. ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಸಿಕ್ಕಾಗ ನನಗೆ ಮೇಷ್ಟ್ರ ಕೆಲಸ ಸಿಕ್ಕಿದೆ ಎಂದು ಕಾಲಿಗೆ ಬಿದ್ದೆ. “ಛಲೋ ಆತು. ಮಾನ್ವಿ ರೋಡಿನಾಗ ಏರು ಎಷ್ಟು ಅದಾವ ನೋಡಿಟ್ಟಿರು” ಎಂದು ಹೇಳಿ ಬಸ್ಸು ಹತ್ತಿಬಿಟ್ಟರು. ಆಶೀರ್ವಾದ ಎಂದರೆ ಇಷ್ಟೇ ನೋಡಿ.

ಒಂದು ದಿನದ ಮಾತು ಉಳಿದಿದೆ. ಠಾಣೆಗೆ ಹೋಗಿ ಬಂದು ಒಂದೂವರೆ ತಿಂಗಳಾಗಿರಬಹುದು, ಅಪ್ಪನ ಕೈಯ ಪಟ್ಟಿ ಬಿಚ್ಚಿದ್ದರು. ಸರ್ ಅಪ್ಪನಿಗೆ ಹೇಳಿಕಳಿಸಿದರು. ಲೆಕ್ಕ ತಪ್ಪಿದ್ದು ಕ್ಲಾಸಿನಲ್ಲಿ, ತಿದ್ದುವುದೂ ಅಲ್ಲೇ ಆಗಬೇಕು, ಬರುವ ಮನಸ್ಸಿದ್ದರೆ ಬನ್ನಿ, ಇಲ್ಲದಿದ್ದರೆ ಬಲವಂತವಿಲ್ಲ ಎಂದು. ಅಪ್ಪ ಬರುವುದಿಲ್ಲ ಎಂದುಕೊಂಡಿದ್ದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಅಂದು ‘ಕುಡಿದಿರಬೇಕು’ ಎಂದಿದ್ದ ಹುಡುಗ ಎದ್ದು ತನ್ನ ಜಾಗ ಬಿಟ್ಟುಕೊಟ್ಟು, ಹೋಗಿ ಗೋಡೆಗೆ ನಿಂತ. ಅಪ್ಪ ಹಿಂದಿನ ಬೆಂಚಿನಲ್ಲಿ ಮೊಳಕಾಲು ತಾಗಿಸಿಕೊಂಡು ಕೂತ.

ಸರ್ ಅಪ್ಪನಿಂದಲೇ ಏರಿನ ಮಾತು ಹೇಳಿಸಿದರು. ಅಪ್ಪ ನಿಂತು, ತೊದಲುತ್ತಾ ಹೇಳಿದ. ಮುಗಿಸಿ ತಾನೇ ಒಂದು ಪ್ರಶ್ನೆ ಕೇಳಿದ. “ಹತ್ತ ಚೀಲ ಹೇರಿದ್ರ ಏನಾಗತಿತ್ರೀ ಸರ?”

“ಏರಿನಾಗ ನಿಂದರತಿದ್ರಿ. ಕಾರು ಹೋಗತಿತ್ತು. ಆಮ್ಯಾಲ ನೀವು ಹೋಗತಿದ್ರಿ. ಇವತ್ತು ನಮಗ ಮಾಡಾಕ ಲೆಕ್ಕನ ಇರತಿರಲಿಲ್ಲ.”

ಅಪ್ಪ ತಲೆಯಾಡಿಸಿ ಕೂತ. ಸರ್ ಸೀಮೆಸುಣ್ಣವನ್ನು ನನ್ನ ಕಡೆ ಚಾಚಿದರು.

ನಾನು ಬೋರ್ಡಿಗೆ ಹೋದೆ. ಗಾಡಿಯ ತೂಕ ಒಂಬೈನೂರು, ಹದಿನೆಂಟು ಚೀಲದ ತೂಕ ಸಾವಿರದ ಮುನ್ನೂರ ಐವತ್ತು. ಕಾರಿನ ತೂಕ. ಎರಡೂ ಸಿಕ್ಕಿಕೊಂಡು ಜಾರಿದ ದೂರ, ಜಾರಿದ ದಿಕ್ಕು. ಸಾಲು ಸಾಲಾಗಿ ಬರೆದೆ. ಕಾರಿನ ವೇಗ ಸೆಕೆಂಡಿಗೆ ಇಪ್ಪತ್ತನಾಲ್ಕು ಮೀಟರ್ ಬಂತು, ಅದನ್ನೂ ಬರೆದೆ. ಉಳಿದದ್ದು ಗೂಡ್ಸ್ ಗಾಡಿಯ ಸಾಲು. ಉತ್ತರ ನನಗೆ ಬಾಯಿಪಾಠವಾಗಿತ್ತು, ಆದರೂ ಕೈ ನಿಂತಿತು. ಅಪ್ಪ ನಿಲ್ಲಲಿಲ್ಲ ಎನ್ನುವುದನ್ನು ನನ್ನ ಕೈಯಿಂದಲೇ, ಎಪ್ಪತ್ತು ಮಂದಿಯ ಎದುರು, ಅವನ ಎದುರು ಬರೆಯಬೇಕಿತ್ತು. ಸೀಮೆಸುಣ್ಣ ಹಿಡಿದು ಹಾಗೇ ನಿಂತೆ.

ಹಿಂದಿನ ಬೆಂಚಿನಿಂದ ಅಪ್ಪನ ದನಿ ಬಂತು. “ಬರಿ ಯವ್ವಾ. ಎಷ್ಟು ಬರತದ ಅಷ್ಟ ಬರಿ.”

ಹನ್ನೆರಡು ಎಂದು ಬರೆದೆ. ತಿರುಗಿ ನೋಡುವ ಧೈರ್ಯವಿರಲಿಲ್ಲ.

“ಹನ್ನೆರಡು ಏನವ್ವಾ?” ಎಂದರು ಸರ್. “ಹನ್ನೆರಡು ಚೀಲಾನ?”

ಕ್ಲಾಸು ನಕ್ಕಿತು. ಆ ನಗುವಿನಲ್ಲಿ ಒಂದು ದೊಡ್ಡ ನಗು ಹಿಂದಿನ ಬೆಂಚಿನಿಂದ ಬರುತ್ತಿತ್ತು. ಗುದ್ದಿದ ದಿನದಿಂದ ಅಪ್ಪ ನಕ್ಕದ್ದು ಅದೇ ಮೊದಲು. ನಾನು ಕಣ್ಣೊರೆಸಿಕೊಂಡು, ಹನ್ನೆರಡರ ಮುಂದೆ ‘ಮೀಟರ್, ಸೆಕೆಂಡಿಗೆ’ ಎಂದು ಬರೆದೆ.